ಕಲಿಸದೆ ಬಿಟ್ಟ ನಾಲ್ಕನೆಯ ವಾರ

ನನ್ನಂಥ ಹೇಡಿ ಯಾರಿಗೂ ಏನನ್ನೂ ಕಲಿಸಲು ಹೋಗಬಾರದು. 1981ರಲ್ಲಿ ಬೆಳಗಾವಿಯ ಹೆಡ್ ಆಫೀಸಿನವರು ನನ್ನನ್ನು ತರಬೇತಿ ಅಧಿಕಾರಿ ಮಾಡಿ ಖಾನಾಪುರದ ಹಂಚಿನ ಕಾರ್ಖಾನೆಗೆ ಕಳಿಸಿದರು. ಅಲ್ಲಿ ಭಟ್ಟಿ ಸುಡುವುದನ್ನು ಬಲ್ಲವನು ಒಬ್ಬನೇ, ಹಲಸಿಯ ದುಂಡಪ್ಪ. ಅವನ ವಿದ್ಯೆಯನ್ನು ಇನ್ನು ಮೂವರಿಗೆ ಬೇಗ ಕಲಿಸಬೇಕಿತ್ತು. ಕಲಿಸಿದ ಮೇಲೂ ನಿನ್ನ ಕೆಲಸಕ್ಕೆ ಧಕ್ಕೆಯಿಲ್ಲ ಎಂದು ನಾನೇ ಮಾತು ಕೊಟ್ಟೆ. ಆ ಮಾತು ನಂಬಿ ಅವನು ಒಪ್ಪಿದ.

ಅವನು ಕಲಿಸುವುದನ್ನು ನೋಡಿ ತಲೆ ಚಚ್ಚಿಕೊಳ್ಳುವಂತಾಯಿತು. ಬೆಂಕಿಯ ಬಣ್ಣ, ಕಟ್ಟಿಗೆಯ ಹಸಿ, ಗಾಳಿಕಿಂಡಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ. ಕಲಿಯುವವರು ಸಂಜೆಗೆ ಪೆಚ್ಚುಮೋರೆ ಹಾಕಿ ಕೂರುತ್ತಿದ್ದರು. ತಲೆ ಒಂದು ಹೊತ್ತಿಗೆ ಹೊರುವುದು ಇಷ್ಟೇ, ಹೆಚ್ಚು ಹೇರಿದರೆ ಎಲ್ಲವೂ ಚೆಲ್ಲುತ್ತದೆ ಎಂದು ಅವನಿಗೆ ತಿಳಿಸಿ ಹೇಳಿದೆ. ಮೂರು ವಾರ ಒಬ್ಬೊಬ್ಬನಿಗೆ ಒಂದೊಂದೇ: ಸಾತಪ್ಪನಿಗೆ ಬಣ್ಣ, ಈರಯ್ಯನಿಗೆ ಕಟ್ಟಿಗೆ, ಗುರುಪುತ್ರಪ್ಪನಿಗೆ ಕಿಂಡಿ. ನಾಲ್ಕನೆಯ ವಾರ ಮೂರನ್ನೂ ಕೂಡಿಸಿ ಎಲ್ಲರಿಗೂ ಇಡೀ ಭಟ್ಟಿ ಕಲಿಸುವುದು.

ಮೂವರೂ ಸಲೀಸಾಗಿ ಕಲಿತರು. "ನಾ ಏಳ ವರ್ಷದಾಗ ಕಲತದ್ದು ಹಿಂಗ ಬರ್ತೈತಂದ್ರ, ನನ್ನ ಆಯುಷ್ಯಾ ದಂಡ ಆತಲ್ರಿ ಸಾಹೇಬ್ರ" ಎಂದು ದುಂಡಪ್ಪ ನಕ್ಕ.

ಮೂರನೆಯ ಶನಿವಾರ ಬೆಳಗಾವಿಯಿಂದ ಮ್ಯಾನೇಜರರು ಬಂದರು. ನೋಡಿ ಹಿಗ್ಗಿ ಹೀರೇಕಾಯಿಯಾದರು. ಒಬ್ಬೊಬ್ಬನೂ ತನ್ನ ಕೆಲಸ ಬಲ್ಲನಲ್ಲವೇ, ಇನ್ನೊಂದು ವಾರ ಯಾಕೆ, ದುಂಡಪ್ಪನಾದರೂ ಯಾಕೆ ಎಂದರು. ತರಬೇತಿ ಮುಗಿದಿದೆ ಎಂಬ ಕಾಗದವನ್ನು ನನ್ನ ಮುಂದಿಟ್ಟರು. ನಾಲ್ಕನೆಯ ವಾರವೇ ಮುಖ್ಯವೆನ್ನಲು ಬಾಯಿ ತೆರೆದೆ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲವೆಂದು ಅವರು ನೆನಪಿಸಿದರು. ಸಹಿ ಹಾಕಿದೆ. ಸೋಮವಾರ ದುಂಡಪ್ಪನನ್ನು ಗೇಟಿನಲ್ಲೇ ತಡೆದರು.

ಜೂನಿನ ಮಳೆ ಹಿಡಿದು ಕಟ್ಟಿಗೆ ನೆನೆಯಿತು. ಹಸಿಯೆಂದು ಈರಯ್ಯ ಹೆಚ್ಚು ಕಟ್ಟಿಗೆ ತುಂಬಿದ. ಹೊಗೆ ಕಂಡು ಗುರುಪುತ್ರಪ್ಪ ಕಿಂಡಿಯನ್ನು ಪೂರ್ತಿ ತೆರೆದ. ಹೊಗೆಯಲ್ಲಿ ಬಣ್ಣ ಮಂಕಾಗಿ ಕಂಡಿತೆಂದು ಸಾತಪ್ಪ ಇನ್ನೂ ಸುಡಬೇಕೆಂದ. ಮೂವರೂ ಕಲಿತದ್ದನ್ನೇ ಮಾಡಿದ್ದರು. ಭಟ್ಟಿ ತೆರೆದಾಗ ಹಂಚುಗಳೆಲ್ಲ ಕರಗಿ ಒಂದೇ ಮುದ್ದೆಯಾಗಿದ್ದವು, ಭಟ್ಟಿಯ ಮೇಲಿನ ಕಮಾನು ಕುಸಿದಿತ್ತು. ಕಾರ್ಖಾನೆ ಮತ್ತೆ ಶುರುವಾಗಲಿಲ್ಲ. ನಲವತ್ತು ಮನೆಗಳ ಅನ್ನ ಹೋಯಿತು.

ತಡೆಯಲಾರದೆ ಹಲಸಿಗೆ ಹೋದೆ. ದುಂಡಪ್ಪನ ಹೆಂಡತಿ ಬಾಳವ್ವ ನೀರು ಕೊಟ್ಟು, ಚಹಾಕ್ಕಿಡಲು ಒಳಗೆ ಹೋದಳು. ಆದದ್ದೆಲ್ಲ ದುಂಡಪ್ಪನಿಗೆ ಹೇಳಿದೆ. ಅವನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಭಟ್ಟಿ ಬರೆದು ನೋಡುತ್ತ ಕೂತ.

"ಕಟಿಗಿ ಕಮ್ಮಿ ಮಾಡಿ ಕಿಂಡಿ ಅರ್ಧಾ ಮುಚ್ಚಿದ್ರ ಸಾಕಿತ್ರಿ. ಮೂರೂ ಕೂಡಿಸಿ ನೋಡಿದಾಂವಗ ತಿಳೀತಿತ್ತು" ಎಂದ. ಆಮೇಲೆ ತಲೆಯೆತ್ತಿದ. "ಸಹಿ ಮಾಡುಮುಂದ ನಿಮಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತು" ಎಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಮಣ್ಣಿನ ಭಟ್ಟಿಯನ್ನು ಅಂಗೈಯಿಂದ ಒರೆಸಿ, ಒಳಗೆ ತಿರುಗಿ, ಚಹಾ ಬೇಡ, ಸಾಹೇಬರ ಬಸ್ಸಿನ ಹೊತ್ತಾಯಿತು ಎಂದು ಬಾಳವ್ವನಿಗೆ ಹೇಳಿದ.

ಬಸ್ಸಿಗೆ ಇನ್ನೂ ಎರಡು ತಾಸಿತ್ತು.