ಐದನೇ ಕೌಂಟರಿನ ಸೇಡು

ನಾನೊಂದು ಕಂಪ್ಯೂಟರ್ ಟರ್ಮಿನಲ್. ಹಸಿರು ಅಕ್ಷರ ಮೂಡುವ ಗಾಜಿನ ಮುಖ, ಮುಂದೊಂದು ಕೀಲಿಮಣೆ, ಸ್ವಂತ ಬುದ್ಧಿಯಿಲ್ಲ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಹುಟ್ಟಿ, ಲಾರಿ ಹತ್ತಿ, ಹುಬ್ಬಳ್ಳಿಯ ಭೀಮರಥಿ ಬಸ್ ಕಂಪನಿಯ ಬುಕಿಂಗ್ ಆಫೀಸಿಗೆ ಬಂದೆ.

ಅಲ್ಲಿ ನಾವು ಆರು ಮಂದಿ. ಎಲ್ಲರಿಗೂ ಒಂದೇ ತಂತಿ. ಒಳಗಿನ ತಣ್ಣನೆಯ ಕೋಣೆಯ ದೊಡ್ಡ ಕಂಪ್ಯೂಟರ್ ನಂಬರ್ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಿತ್ತು: 'ಹೇಳುವುದಿದೆಯೇ?' ಕರೆದವರಷ್ಟೇ ಮಾತಾಡಬೇಕು. ಇಬ್ಬರು ಒಟ್ಟಿಗೆ ಬಾಯಿಬಿಟ್ಟರೆ ಎಲ್ಲ ಕಲಸಿಹೋಗುತ್ತಿತ್ತು. ನನ್ನ ನಂಬರ್ ಐದು.

ನನ್ನ ಮುಂದೆ ಕೂರುತ್ತಿದ್ದವರು ಇಂದುಮತಿ ಕುಲಗೋಡ. ಅವರ ಬೆರಳುಗಳ ವೇಗ ನನಗೆ ಗೊತ್ತು. ಆದರೂ ಒಂದು ಸೀಟು ಸಿಗಲು ನಿಮಿಷಗಟ್ಟಲೆ ಕಾಯಬೇಕಿತ್ತು. ನನ್ನನ್ನು ಕರೆಯುವವರೇ ಇಲ್ಲ. ಸಾಲಿನಲ್ಲಿದ್ದವರು ಬೈಯುತ್ತಿದ್ದರು.

"ಇಂದುಮತಿಬಾಯಿ, ನಿಮ್ಮ ಕೈ ಭಾಳ ನಿಧಾನ ನೋಡ್ರಿ," ಎಂದು ಮ್ಯಾನೇಜರ್ ಗಲಗಲಿ ಎಲ್ಲರೆದುರು ಹಂಗಿಸುತ್ತಿದ್ದರು. ಹೆಡ್ ಕ್ಲಾರ್ಕ್ ಹುದ್ದೆ ಖಾಲಿಯಿತ್ತು. ಅದು ಇಂದುಮತಿಯವರಿಗೆ ಸಲ್ಲಬೇಕಿತ್ತು. ಗಲಗಲಿಯವರ ಕಣ್ಣು ಮಾತ್ರ ಒಂದನೇ ಕೌಂಟರಿನಲ್ಲಿದ್ದ ತಮ್ಮ ಸೋದರಳಿಯ ಸುಧೀಂದ್ರನ ಮೇಲಿತ್ತು.

ಒಂದು ದಿನ ಮೀರಜದ ಆಸ್ಪತ್ರೆಯಲ್ಲಿದ್ದ ಮಗಳನ್ನು ನೋಡಲು ಹೊರಟ ತಾಯಿಯೊಬ್ಬಳು ಬಂದಳು. ಉಳಿದಿದ್ದು ಒಂದೇ ಸೀಟು. ನಾನು ಬಾಯಿ ಕಟ್ಟಿಕೊಂಡು ಕೂತಿದ್ದಾಗಲೇ ಅದು ಒಂದನೇ ಕೌಂಟರಿಗೆ ಹೋಯಿತು. ಆಕೆ ಕಿಟಕಿಯ ಸರಳು ಹಿಡಿದು ಅತ್ತಳು.

ಮರುದಿನ ರಿಪೇರಿಗೆ ಬಂದ ಎಂಜಿನಿಯರನನ್ನು ಇಂದುಮತಿ ಹಿಡಿದು ಕೂರಿಸಿದರು. "ಒಳಗಿನ ಕಂಪ್ಯೂಟರ್ ನಮ್ಮ ನಂಬರ್ ಯಾವ ಪ್ರಕಾರ ಕರೀತದ, ಅದನ್ನ ಹಾಳಿ ಮ್ಯಾಲೆ ಹೊಡದು ಕೊಡ್ರಿ." ಬಂದ ಹಾಳೆಯಲ್ಲಿ ಒಂದು, ಎರಡು, ಒಂದು, ಮೂರು, ಒಂದು, ನಾಲ್ಕು, ಒಂದು, ಆರು ಎಂದಿತ್ತು. ಹೀಗೆ ಹತ್ತು ಸುತ್ತು ಮುಗಿದ ಮೇಲೆ ಒಮ್ಮೆ ಐದು.

"ಗಲಗಲಿ ಸಾಹೇಬ್ರ ಹಂಗ ಬರಸ್ಯಾರ್ರಿ," ಎಂದ ಎಂಜಿನಿಯರ್.

ಇಂದುಮತಿ ಅಳಲಿಲ್ಲ. ಹಾಳೆಯನ್ನು ಮಡಚಿ ಚೀಲದಲ್ಲಿಟ್ಟು ಮೂರು ವಾರ ಕಾದರು.

ಕಂಪನಿಯ ಮಾಲೀಕರು ಬಂದ ದಿನ ನಗುತ್ತ ಎದ್ದು ನಿಂತರು. "ನನ್ನ ಕೈ ನಿಧಾನ ಅಂತಾರ್ರಿ. ಸಾಹೇಬ್ರ ಒಮ್ಮೆ ಇಲ್ಲೆ ಕೂತು ತೋರಸಲಿ."

ಗಲಗಲಿಯವರ ಮುಖ ಬಿಳಿಚಿತು, ಆದರೂ ಕೂತರು. ಒತ್ತಿದರು, ನಾನು ಸುಮ್ಮನಿದ್ದೆ. ಮತ್ತೆ ಒತ್ತಿದರು. ನನ್ನ ನೆತ್ತಿಗೆ ಬಡಿದರು. ಸಾಲಿನಲ್ಲಿದ್ದವರು ಕೂಗಾಡಿದರು. ನನ್ನ ಬಾಳಿನಲ್ಲಿ ಅಷ್ಟು ಸಿಹಿಯಾದ ಮೌನ ಇನ್ನೊಂದಿಲ್ಲ.

ಇಂದುಮತಿ ಹಾಳೆಯನ್ನು ಮಾಲೀಕರ ಮುಂದೆ ಬಿಡಿಸಿಟ್ಟರು. "ಈಗ ಹೇಳ್ರಿ, ಯಾರ ಕೈ ನಿಧಾನ?"

ಗಲಗಲಿ ಪಾರ್ಸಲ್ ಗೋದಾಮಿಗೆ ಹೋದರು. ಇಂದುಮತಿ ಹೆಡ್ ಕ್ಲಾರ್ಕ್ ಆದರು. ಮೊದಲ ದಿನವೇ ಎಂಜಿನಿಯರ್ ಕೇಳಿದ: "ನಂಬರ್ ಕರಿಯೋ ಪಟ್ಟಿ ಸರಿ ಮಾಡ್ಲೇನ್ರಿ?"

"ಇರಲಿ ಬಿಡ್ರಿ," ಎಂದರು ಅವರು. "ಸುಧೀಂದ್ರನ್ನ ಐದಕ್ಕ ಕೂಡಸ್ರಿ."

ಸುಧೀಂದ್ರ ಒಂದು ವರ್ಷ ನನ್ನ ಮುಂದೆ ಬೈಗುಳ ತಿಂದು, ಕೊನೆಗೆ ಕೆಲಸ ಬಿಟ್ಟ. ನಾನು ಹಿಗ್ಗಿದೆ.

ಈಗ ಗುಜರಿಯಂಗಡಿಯ ಮೂಲೆಯಲ್ಲಿದ್ದೇನೆ; ಗಾಜು ಒಡೆದಿದೆ. ಆ ಒಂದು ವರ್ಷ ನನ್ನ ಸಾಲಿನಲ್ಲಿ ನಿಂತು ಬಸ್ಸು ತಪ್ಪಿಸಿಕೊಂಡವರ ಮುಖಗಳು ಒಂದೊಂದಾಗಿ ನೆನಪಾಗುತ್ತವೆ. ಅವರು ನಮಗೇನು ಮಾಡಿದ್ದರು?