ಖಲಾಸ್ ಆದದ್ದು

ಬಾಗಿಲ ಆಚೆ ಶಫೀಕನಿಗೆ ಬೇಕೆಂದೇ ಮೂರ್ಛೆ ಬರಿಸುತ್ತಿದ್ದರು. ಮಂಚಕ್ಕೆ ಬೆಲ್ಟು ಬಿಗಿದು, ಮಂಚವನ್ನೇ ಮೆಲ್ಲಗೆ ಎತ್ತಿ ನಿಲ್ಲಿಸಿ, ಇವನು ಎಚ್ಚರ ತಪ್ಪುತ್ತಾನೋ ಎಂದು ಕಾಯುವ ಪರೀಕ್ಷೆಯಂತೆ. ಹೊರಗೆ ಕುರ್ಚಿಯ ತುದಿಯಲ್ಲಿ ಕುಳಿತ ಮುರ್ಶಿದಾಳಿಗೆ ಇದೆಂಥ ವೈದ್ಯವೋ ತಿಳಿಯಲಿಲ್ಲ. ಗಂಡ ಬೀಳದ ಹಾಗೆ ಮಾಡಿ ಎಂದು ಕರೆತಂದರೆ ಇವರೇ ಬೀಳಿಸಿ ನೋಡುತ್ತಾರೆ.

ಅವಳು ವಿಟ್ಲದಿಂದ ಗಲ್ಫಿಗೆ ವಿಸಿಟ್ ವೀಸಾದಲ್ಲಿ ಬಂದಿಳಿದ ಹೊಸ ಮದುಮಗಳು. ಕಾಲಿನ ಮದರಂಗಿ ಇನ್ನೂ ಮಾಸಿರಲಿಲ್ಲ. ಬಂದ ವಾರವೇ ಶಫೀಕ್ ಹವಲ್ಲಿಯ ಮೊಬೈಲ್ ಅಂಗಡಿಯಲ್ಲಿ, ಗಿರಾಕಿಯ ಫೋನಿಗೆ ಗಾಜು ಅಂಟಿಸುತ್ತ ನಿಂತಲ್ಲೇ ಕುಸಿದ. ಮರುವಾರ ಅಡುಗೆಮನೆಯಲ್ಲಿ, ಅವಳ ಕಣ್ಣೆದುರೇ. ಎದ್ದವನು ಸೆಕೆಗೆ ಹೀಗಾಯಿತು ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಅವನ ಅಪ್ಪನೂ ಹೀಗೇ ಮೀನು ಮಾರ್ಕೆಟಿನಲ್ಲಿ ನಿಂತಲ್ಲೇ ಬಿದ್ದವರು ಮತ್ತೆ ಏಳಲಿಲ್ಲ. ಆಗ ಪಕ್ಕದ ಮನೆಯ ಹುಡುಗಿಯಾಗಿದ್ದ ಅವಳು ಗೇಟಿನ ಬಳಿಯೇ ಇದ್ದಳು. ರಿಕ್ಷಾದ ಅಝರುದ್ದೀನ್ ಬಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ: "ಸೈದು ಬ್ಯಾರಿ ಖಲಾಸ್."

ಸಿಸ್ಟರ್ ಲವಿಟಾ ಬೆಳ್ತಂಗಡಿ ಕಡೆಯವಳು. ಅವಳದು ಕೊಂಕಣಿ, ಮುರ್ಶಿದಾಳದು ಬ್ಯಾರಿ, ಇಬ್ಬರಿಗೂ ನಡುವೆ ಕನ್ನಡವೇ ಗತಿ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಬೆಳಿಗ್ಗೆ ಅವಳೇ ಬಿಡಿಸಿ ಹೇಳಿದ್ದಳು. ಎದೆ ಬಡಿಯುವುದು, ಬೆವರುವುದು, ಉಂಡದ್ದು ಕರಗುವುದು, ಇವಕ್ಕೆಲ್ಲ ಬೇರೆಯೇ ನರಗಳಿವೆ. ಅವು ನಮ್ಮನ್ನು ಕೇಳುವುದಿಲ್ಲ, ನಾವು ಹೇಳಿದರೂ ಕೇಳುವುದಿಲ್ಲ.

"ಅದರಲ್ಲಿ ಒಂದು ಓಡಿಸ್ತದೆ, ಒಂದು ಬ್ರೇಕ್ ಹಿಡೀತದೆ. ನಿಮ್ಮವರಿಗೆ ನಿಂತಲ್ಲಿ ಬ್ರೇಕ್ ಜೋರು ಬೀಳುದಾ, ಅಲ್ಲ ಹಾರ್ಟಿಂದೇ ತೊಂದರೆಯಾ ಅಂತ ಇವತ್ತು ಗೊತ್ತಾಗ್ತದೆ."

"ಬ್ರೇಕ್ ಬಿದ್ದದ್ದು ಬಿಡದಿದ್ರೆ?" ಎಂದು ಮುರ್ಶಿದಾ ಕೇಳಿದ್ದಳು. ಬಿಡ್ತದೆ ಮಾರಾಯ್ತಿ ಎಂದು ಲವಿಟಾ ಬೆನ್ನು ತಟ್ಟಿ ಒಳಗೆ ಹೋದವಳು ಈಚೆ ಬಂದಿರಲಿಲ್ಲ. ಒಳಗಿನ ಬೀಪ್ ಬೀಪ್ ಸದ್ದಿಗೆ ಕಿವಿಗೊಟ್ಟು ಮುರ್ಶಿದಾ ಬಾಯಿಪಾಠ ಬರುವ ದುವಾಗಳನ್ನೆಲ್ಲ ಹೇಳಿಕೊಂಡಳು. ಹೆದರಿಕೆಯಲ್ಲಿ ಅವೂ ಒಂದರೊಳಗೊಂದು ಬೆರೆತು ಹೋದವು.

ಸದ್ದು ಒಮ್ಮೆಲೇ ನಿಂತಿತು. ಬಾಗಿಲು ತೆರೆದು ಈಜಿಪ್ಟಿನ ಟೆಕ್ನಿಷಿಯನ್ ಕೈಗವಸು ಕಳಚುತ್ತ ಹೊರಬಂದ.

"ಖಲಾಸ್, ಮದಾಮ್," ಎಂದ.

ಅವನ ಹೆಗಲ ಸಂದಿಯಿಂದ ಶಫೀಕನ ರಕ್ತವಿಲ್ಲದ ಮುಖ ಕಂಡಿತು, ಮಂಚದಿಂದ ಕೆಳಗೆ ಜೋತ ಕೈ ಕಂಡಿತು. ಮುರ್ಶಿದಾ ಕೂಗಹೋದಳು, ಬಾಯಲ್ಲಿ ನೀರೇ ಇರಲಿಲ್ಲ. ಎದೆ ಕಿತ್ತುಬರುವಂತೆ ಓಡಿತು. ಅಂಗೈ ಒದ್ದೆಯಾಯಿತು. ಒಳಗೆ ನುಗ್ಗಬೇಕೆಂದು ಎದ್ದಳು. ಓಡುತ್ತಿದ್ದ ಎದೆ ನಡುವೆ ಯಾರೋ ಹಿಡಿದಂತೆ ನಿಧಾನವಾಯಿತು, ಕಿವಿ ಮುಚ್ಚಿತು, ಬಾಗಿಲು ಸಣ್ಣದಾಗುತ್ತ ಸಣ್ಣದಾಗುತ್ತ ಇಲ್ಲವಾಯಿತು.

ಕಣ್ಣು ಬಿಟ್ಟಾಗ ಬೆನ್ನ ಕೆಳಗೆ ತಣ್ಣನೆಯ ನೆಲ. ಲವಿಟಾಳ ಬೆರಳು ನಾಡಿಯ ಮೇಲಿತ್ತು. ಕಾಲುಗಳನ್ನು ಯಾರೋ ಎತ್ತಿ ಹಿಡಿದಿದ್ದರು. ತಲೆಗೆ ರಕ್ತ ಇಳಿಯಬೇಕು, ಬಿಡಬೇಡಿ ಎಂದು ಲವಿಟಾ ಹೇಳುತ್ತಿದ್ದಳು. ನೋಡಿದರೆ ಶಫೀಕ್. ನೆಲದ ಮೇಲೆ ಕುಳಿತಿದ್ದ, ಅಂಗಿಯ ಗುಂಡಿ ಹಾಕಿರಲಿಲ್ಲ, ಎದೆಯ ಮೇಲೆ ವೈರಿನ ಸ್ಟಿಕ್ಕರುಗಳು ಹಾಗೇ ಇದ್ದವು. ಅವಳು ಗಾಬರಿಯಿಂದ ಕಾಲೆಳೆದುಕೊಳ್ಳಹೋದಳು. ಗಂಡನ ಕೈಯಲ್ಲಿ ಕಾಲು ಹಿಡಿಸಿಕೊಂಡದ್ದು ಅತ್ತೆ ಆಯಿಶಮ್ಮನಿಗೆ ಗೊತ್ತಾದರೆ ಮುಗಿಯಿತು. ಅವನು ಬಿಡಲಿಲ್ಲ.

"ಖಲಾಸ್ ಅಂತ ಹೇಳಿದ ಅವ," ಎಂದಳು.

"ಟೆಸ್ಟ್ ಖಲಾಸ್. ನಾನಲ್ಲ."

ಇಲ್ಲಿ ಚಾ ಮುಗಿದರೂ ಖಲಾಸೇ ಎಂದು ಲವಿಟಾ ನಗಲು ನೋಡಿದಳು. ಬ್ರೇಕಿನದ್ದೇ ತೊಂದರೆ, ಹಾರ್ಟಿನದ್ದಲ್ಲ ಎಂದಳು. ಮುರ್ಶಿದಾ ತಲೆಯಾಡಿಸಿದಳು, ನಂಬಲಿಲ್ಲ. ಅವನು ನೀರು ತರಲು ಏಳಹೋದಾಗ ಅವನ ತೋಳು ಹಿಡಿದುಕೊಂಡಳು.

"ನಿಲ್ಬೇಡಿ."

ಶಫೀಕ್ ಮತ್ತೆ ಕುಳಿತ. ಅವಳ ಪಾದಗಳನ್ನು ಎತ್ತಿ ಎದೆಗೆ ಒತ್ತಿಕೊಂಡ. ಮದರಂಗಿಯ ಅಂಗಾಲಿಗೆ ಅವನ ಎದೆಬಡಿತ ತಾಗಿತು. ಒಂದು ಬಂತು. ಮುಂದಿನದಕ್ಕೆ ಅವಳು ಉಸಿರು ಬಿಗಿಹಿಡಿದು ಕಾದಳು. ಅದೂ ಬಂತು.