ಎಡಗಡೆಯ ಎರಡು ಫ್ಯಾನು

ಕಂಪ್ಯೂಟರಿಗೆ ಬಣ್ಣದ ದೀಪ ಬೇಕೇ ಬೇಕೆಂದು ಹಟ ಹಿಡಿದವರು ಮಾವ. ಸೊಸೆಗೆ ಅದು ಬೇಕಿರಲಿಲ್ಲ. ಅವಳು ಮನೆಯಲ್ಲೇ ಕೂತು ಮದುವೆ ಫೋಟೋಗಳನ್ನು ತಿದ್ದಿ ಆಲ್ಬಂ ಮಾಡಿಕೊಡುವವಳು. ದಿನವಿಡೀ ಜನರ ಮುಖದ ಬಣ್ಣ ಸರಿಮಾಡುವವಳ ಪಕ್ಕದಲ್ಲಿ ಕೆಂಪು ನೀಲಿ ದೀಪಗಳು ಕುಣಿಯುತ್ತಿದ್ದರೆ ಮದುಮಗ ಹಸಿರಾಗಿಬಿಡುತ್ತಾನೆ ಎಂದು ಅವಳು ನಗುತ್ತಿದ್ದಳು. ಹಳೆಯ ಕಂಪ್ಯೂಟರ್ ಕೈಕೊಟ್ಟಾಗ, ಒಂದೊಂದೇ ಭಾಗ ತರಿಸಿ ಹೊಸದನ್ನು ತಾನೇ ಜೋಡಿಸುತ್ತೇನೆಂದು ಹೊರಟಳು. ಗಂಡ, ಆಗಲಿ ನೋಡೋಣ ಎಂದು ಕಾರ್ಖಾನೆಯ ಪಾಳಿಗೆ ಹೋದ. ಮಾವ ಮಾತ್ರ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲೇ ಕೂತರು.

ಮಾವ ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಅದಕ್ಕೂ ಮೊದಲು ಬಸ್ಸು, ಅದಕ್ಕೂ ಮೊದಲು ಲಾರಿ. ಬೀದಿಯ ಮಕ್ಕಳಿಗೆಲ್ಲ ಅವರು ವ್ಯಾನ್ ತಾತ. ವೈರು, ಫ್ಯೂಸು, ಬಲ್ಬು ಎಂದರೆ ಅವರಿಗೆ ಊಟ ಬಿಡುವಷ್ಟು ಇಷ್ಟ.

"ದೀಪ ಇಲ್ಲದ ಮೆಷಿನ್ನು ಮುಖ ಗಂಟು ಹಾಕ್ಕೊಂಡು ಕೂತಿರೋ ಹಾಗಿರುತ್ತೆ ಕಣಮ್ಮ," ಎಂದು ವಾರವಿಡೀ ವಾದಿಸಿದರು. ಕೆಲಸದ ಹೊತ್ತಿಗೆ ಆರಿಸಿಡಬಹುದಲ್ಲ ಎಂದುಕೊಂಡು ಸೊಸೆ ಕೊನೆಗೆ ದೀಪವಿರುವ ಫ್ಯಾನುಗಳನ್ನೇ ತರಿಸಿದಳು.

ಭಾನುವಾರ ಬೆಳಿಗ್ಗೆ ಹಾಲಿನ ಮೇಜಿನ ಮೇಲೆ ಎಲ್ಲವನ್ನೂ ಹರಡಿಕೊಂಡರು. ಕ್ಯಾಬಿನೆಟ್ಟಿನ ಮುಂಬದಿ ಪೂರ್ತಿ ಗಾಜು. ಮೀನು ಸಾಕುವ ತೊಟ್ಟಿಯ ಹಾಗಿತ್ತು. ಒಳಗೆ ಬಲಗೋಡೆಗೆ ಎರಡು ಫ್ಯಾನು, ಎಡಗೋಡೆಗೆ ಎರಡು. ಬಲಗಡೆಯವು ತಣ್ಣನೆ ಗಾಳಿಯನ್ನು ಒಳಗೆ ಎಳೆಯಬೇಕು, ಎಡಗಡೆಯವು ಬಿಸಿಗಾಳಿಯನ್ನು ಹೊರಗೆ ದಬ್ಬಬೇಕು. ಯಾವ ಮುಖ ಯಾವ ಕಡೆಗೆ ಎಂದು ಸೊಸೆ ಗೊಂದಲಕ್ಕೆ ಬಿದ್ದಾಗ ಮಾವ ಫ್ಯಾನಿನ ಚೌಕಟ್ಟಿನ ಮೇಲಿದ್ದ ಬಾಣದ ಗುರುತನ್ನು ತೋರಿಸಿದರು. ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಾಗೆಲ್ಲ ಒಂದೊಂದೇ ಕೊಟ್ಟರು. ತಿರುಗುವ ರೆಕ್ಕೆಗೆ ತಾಗದ ಹಾಗೆ ವೈರುಗಳನ್ನು ಹಿಂದಕ್ಕೆ ಎಳೆದು ಕಟ್ಟಿಸಿದರು.

ಒಂದೊಂದು ಫ್ಯಾನಿಗೂ ಎರಡೆರಡು ವೈರು, ರೆಕ್ಕೆ ತಿರುಗಿಸಲು ಒಂದು, ದೀಪಕ್ಕೆ ಇನ್ನೊಂದು. ದೀಪದ ವೈರು ಸಿಕ್ಕಿಸುವ ಪಿನ್ನುಗಳ ಹತ್ತಿರದಲ್ಲೇ ಅವುಗಳನ್ನೇ ಹೋಲುವ ಬೇರೆ ಪಿನ್ನುಗಳಿದ್ದವು. ಅಲ್ಲಿ ವೋಲ್ಟು ಜಾಸ್ತಿ. ತಪ್ಪಿ ಅಲ್ಲಿಗೆ ಚುಚ್ಚಿದರೆ ದೀಪಗಳು ಸುಟ್ಟೇಹೋಗುತ್ತವೆ. ಸೊಸೆ ಎರಡೆರಡು ಸಲ ನೋಡಿ ಸಿಕ್ಕಿಸಿದಳು. ಆಮೇಲೆ ಹಿಂಬದಿಗೆ ಹೋಗಿ ಸ್ವಿಚ್ ಒತ್ತಿದಳು. ಸುಯ್ ಎಂದು ಸದ್ದು ಕೇಳಿಸಿತು.

ಮಾವ ಗಾಜಿನೆದುರು ಕೂತಿದ್ದರು. ಬಲಗಡೆ ಭರ್ಜರಿಯಾಗಿದೆ, ಎಡಗಡೆಯದು ಹತ್ತಲೇ ಇಲ್ಲ ಎಂದರು.

ಸೊಸೆ, ದೀಪಗಳನ್ನು ಸುಟ್ಟೆ ಎಂದುಕೊಂಡಳು. ಸ್ವಿಚ್ ಆರಿಸಿ, ಎಡಗಡೆಯ ವೈರುಗಳನ್ನು ಬಿಚ್ಚಿ, ಪಿನ್ನು ನೋಡಿ, ಮತ್ತೆ ಸಿಕ್ಕಿಸಿದಳು. ಮಾವನಿಂದ ಅದೇ ಉತ್ತರ ಬಂತು. ಈ ಸಲ ಅವಳು ಮುಂದಕ್ಕೆ ಬಂದು ನೋಡಿದಳು. ನಾಲ್ಕೂ ಫ್ಯಾನುಗಳು ಝಗಮಗ ಉರಿಯುತ್ತಿದ್ದವು.

ಉರೀತಿದೆಯಲ್ಲ ಎಂದಾಗ ಮಾವ ಕತ್ತು ತಿರುಗಿಸಿ, ಹೌದು, ಈಗ ಹತ್ತಿತು, ಎಲ್ಲೋ ಲೂಸ್ ಕನೆಕ್ಷನ್ ಇದೆ ಎಂದರು. ಮತ್ತೆ ನೇರಕ್ಕೆ ತಿರುಗಿದ್ದೇ, "ನೋಡು, ಮತ್ತೆ ಹೋಯ್ತು," ಎಂದರು.

ಅವಳು ಅವುಗಳನ್ನೇ ನೋಡುತ್ತಿದ್ದಳು. ಅವು ಎಲ್ಲಿಗೂ ಹೋಗಿರಲಿಲ್ಲ.

ಮಾವ ಕಾಲೆಳೆಯುವುದರಲ್ಲಿ ಎತ್ತಿದ ಕೈ. ಹಿಂದೊಮ್ಮೆ ಅವಳ ಚಹಾಕ್ಕೆ ಉಪ್ಪು ಬೆರೆಸಿ ಗಂಭೀರವಾಗಿ ಪೇಪರ್ ಓದುತ್ತ ಕೂತಿದ್ದವರು. ಇದೂ ಅಂಥದ್ದೇ ಎಂದು ನಕ್ಕು, ಬಣ್ಣ ಬದಲಿಸುವ ಸಾಫ್ಟ್‌ವೇರ್ ತೆರೆದು, ಎಡಗಡೆಗೆ ಕಡುಗೆಂಪು, ಬಲಗಡೆಗೆ ನೀಲಿ ಹಾಕಿದಳು. ಈಗ ಹೇಳಿ ಎಂದಳು. ನೀಲಿ ಮಾತ್ರ ಇದೆ ಎಂದರು ಮಾವ. ಅವರ ಅರ್ಧ ಮುಖದ ಮೇಲೆ ಕೆಂಪು ಬೆಳಕು ಬಿದ್ದಿತ್ತು. ಆ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

ನಿನ್ನ ಕೈಲಾಗಲ್ಲ ಬಿಡು, ನಾನೇ ನೋಡ್ತೀನಿ ಎಂದು ಅವರು ವೈರು ಅಲುಗಿಸಲು ಎಡಗೈ ಚಾಚಿದರು. ಕ್ಯಾಬಿನೆಟ್ಟಿನ ಎಡಬದಿಯಲ್ಲಿ ಅವರ ಕೈ ನಿಂತುಹೋಯಿತು.

"ಗಾಳಿ ಬರ್ತಿದೆ," ಎಂದರು. ಆಮೇಲೆ, ದನಿ ತಗ್ಗಿಸಿ, "ಮಗಳೇ, ನನ್ನ ಕೈ ಎಲ್ಲಿದೆ?"

ಕೈ ಅಲ್ಲೇ ಇತ್ತು, ಬೆರಳುಗಳ ನಡುವೆ ಕೆಂಪು ಬೆಳಕು ಸೋರುತ್ತಿತ್ತು. ಅವರು ಕೈಯನ್ನು ನಿಧಾನವಾಗಿ ಮಧ್ಯಕ್ಕೆ ತಂದರು. ಮೂಗಿನ ನೇರಕ್ಕೆ ಬರುತ್ತಿದ್ದಂತೆ ಬೆಚ್ಚಿಬಿದ್ದರು. ಕೈ ಎಲ್ಲಿಂದಲೋ ಹುಟ್ಟಿ ಬಂದಿತ್ತು. ಮತ್ತೆ ಎಡಕ್ಕೆ ಸರಿಸಿದರು, ಮತ್ತೆ ಮಾಯ. ಕನ್ನಡಕ ತೆಗೆದು ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದನ್ನು ಮುಚ್ಚಿ ನೋಡಿದರು. ಎರಡರಲ್ಲೂ ಅಷ್ಟೇ. ಜಗತ್ತು ಮಧ್ಯಕ್ಕೆ ಬಂದು ಮುಗಿದುಹೋಗುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ಹೇಳಿದರು, ತಟ್ಟೆಯ ಎಡಗಡೆ ಬಡಿಸಿದ್ದನ್ನೆಲ್ಲ ಇವರು ಮುಟ್ಟದೆ ಏಳುತ್ತಿದ್ದಾರೆ, ನನ್ನ ಅಡುಗೆ ಬೇಜಾರಾಗಿದೆ ಎಂದುಕೊಂಡು ಸುಮ್ಮನಿದ್ದೆ ಎಂದು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿ ಬಾಯಿಗೆ ಸೆರಗು ಹಿಡಿದರು.

ಸೊಸೆ ಆಸ್ಪತ್ರೆಗೆ ಹೋಗಲು ಬಾಡಿಗೆ ಕಾರಿಗೆ ಫೋನ್ ಮಾಡುತ್ತಿದ್ದಳು. ಮಾವ ಕುರ್ಚಿಯಲ್ಲಿ ಹಾಗೇ ಕೂತಿದ್ದವರು ಒಮ್ಮೆಲೇ ಎದ್ದು ನಿಂತರು.

"ಮಕ್ಕಳು ಇಳಿಯೋದು ಎಡಗಡೆಯಿಂದ," ಎಂದರು.

ಆ ಮಾತು ಕೇಳಿ ಸೊಸೆಗೆ ಶಾಲೆಯ ವ್ಯಾನ್ ನೆನಪಾಯಿತು. ಶುಕ್ರವಾರ ಸಂಜೆಯಷ್ಟೇ ಮಾವ ತುಂಬಿದ ವ್ಯಾನನ್ನು ಕಿರಿದಾದ ಬೀದಿಗಳಲ್ಲಿ ಓಡಿಸಿ, ಒಂದೊಂದು ಮನೆಯ ಮುಂದೆ ನಿಲ್ಲಿಸಿ, ಮಕ್ಕಳನ್ನು ಇಳಿಸಿ ಬಂದಿದ್ದರು. ಇಳಿದ ಮಕ್ಕಳು ವ್ಯಾನಿನ ಪಕ್ಕದಲ್ಲೇ ಓಡಾಡುತ್ತಾರೆ, ಬಿದ್ದ ನೀರಿನ ಬಾಟಲಿ ಎತ್ತಲು ಬಗ್ಗುತ್ತಾರೆ. ಮಾವ ಕನ್ನಡಿ ನೋಡಿ, ಯಾರೂ ಇಲ್ಲವೆಂದು ಗಾಡಿ ಬಿಡುತ್ತಿದ್ದರು.

ಆಸ್ಪತ್ರೆಯಲ್ಲಿ ವೈದ್ಯೆ ಅವರೆದುರು ಕೂತು, ನನ್ನ ಮೂಗನ್ನೇ ನೋಡಿ ಎಂದು ಹೇಳಿ, ಪಕ್ಕದಲ್ಲಿ ಬೆರಳು ಆಡಿಸಿದರು. ತಲೆಯ ಸ್ಕ್ಯಾನ್ ಆಯಿತು. ಕಣ್ಣುಗಳಿಗೆ ಏನೂ ಆಗಿರಲಿಲ್ಲ. ಮಿದುಳಿನ ಹಿಂಭಾಗದಲ್ಲಿ ಒಂದು ರಕ್ತನಾಳ ಕಟ್ಟಿಕೊಂಡು, ಎಡಗಡೆಯದನ್ನು ನೋಡುವ ಜಾಗ ಸತ್ತುಹೋಗಿತ್ತು. ನೋವಿಲ್ಲದೆ ಆಗಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಕಾಣದ ಕಡೆ ಕತ್ತಲೆಯಾದರೂ ಕಂಡಿದ್ದರೆ ಎಚ್ಚರವಾಗುತ್ತಿತ್ತು; ಮಿದುಳು ಅದನ್ನೂ ತೋರಿಸುವುದಿಲ್ಲ, ಅಲ್ಲಿ ಏನೋ ಇದೆ ಎಂಬುದನ್ನೇ ಬಿಟ್ಟುಬಿಡುತ್ತದೆ ಎಂದು ವೈದ್ಯೆ ಬಿಡಿಸಿ ಹೇಳಿದರು. ಹೋದದ್ದು ಹೆಚ್ಚಾಗಿ ಮರಳುವುದಿಲ್ಲ. ಆದರೆ ಇಂಥದ್ದೇ ದೊಡ್ಡದೊಂದು ಬರುವ ಮೊದಲು ಬಂದಿರಿ, ಅದನ್ನು ತಡೆಯಲು ಮಾತ್ರೆ ಇದೆ ಎಂದರು. ಗಾಡಿ ಇನ್ನು ಮುಟ್ಟುವ ಹಾಗಿಲ್ಲ.

ಮಾವ ಕೇಳಿದ್ದು ಒಂದೇ ಪ್ರಶ್ನೆ. "ಯಾವತ್ತಿಂದ ಹೀಗಾಗಿದೆ ಡಾಕ್ಟ್ರೇ?"

ವಾರಗಳಾಗಿರಬಹುದು, ತಿಂಗಳುಗಳೇ ಆಗಿರಬಹುದು, ಹೇಳಲಾಗದು ಎಂದರು ವೈದ್ಯೆ. ಕಾರ್ಖಾನೆಯಿಂದ ಓಡಿಬಂದಿದ್ದ ಮಗ ಅಪ್ಪನ ಭುಜ ಹಿಡಿದುಕೊಂಡ. ಅವನು ಎಡಕ್ಕೆ ನಿಂತಿದ್ದ. ಅಪ್ಪ ಹೌಹಾರಿ ಕೈ ಕೊಡವಿದರು.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಮಾವ ನೇರ ಮನೆಗೆ ಹೋಗಲು ಒಪ್ಪಲಿಲ್ಲ. ವ್ಯಾನಿನ ಮಕ್ಕಳ ಮನೆಗಳಿಗೆ ತಾನೇ ಹೋಗಿ ಹೇಳಬೇಕೆಂದರು. ಫೋನ್ ಮಾಡಿದರಾಯಿತು ಎಂದು ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಸೊಸೆ ಅವರ ಎಡಗೈ ಹಿಡಿದುಕೊಂಡು ಜೊತೆಗೆ ಹೊರಟಳು.

ಮೊದಲ ಮನೆಯ ತಾಯಿಗೆ ಅರ್ಥವಾಗಲಿಲ್ಲ. ವಯಸ್ಸಾದ ಮೇಲೆ ಕಣ್ಣು ಮಂಜಾಗುವುದು ಸಹಜ ತಾತ ಎಂದು ಸಮಾಧಾನ ಹೇಳಿದಳು. ಮಾವ ತಲೆಯಾಡಿಸಿದರು. ಅವಳನ್ನು ತಮ್ಮ ಎಡಕ್ಕೆ ನಿಲ್ಲಿಸಿ, ನೇರಕ್ಕೆ ನೋಡುತ್ತ, "ಈಗ ನೀನು ಇಲ್ಲಮ್ಮ. ನಿನ್ನ ಮಗಳು ಇಳಿದ ಮೇಲೆ ಅವಳೂ ಹೀಗೇ ಇರಲಿಲ್ಲ. ನಾನು ಗಾಡಿ ಬಿಡ್ತಿದ್ದೆ," ಎಂದರು. ಆ ತಾಯಿ ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ಎಳೆದುಕೊಂಡು ಒಳಗೆ ಹೋದಳು. ಒಂದು ಮನೆಯಲ್ಲಿ ಬೈದರು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಇನ್ನೊಂದು ಮನೆಯಲ್ಲಿ ಕೂರಿಸಿ ನೀರು ಕೊಟ್ಟರು. ಅವರು ಲೋಟವನ್ನು ಹಾಗೇ ಕೆಳಗಿಟ್ಟರು.

ಕೊನೆಗೆ ಗ್ಯಾರೇಜಿನವನ ಮನೆ. ಅವನ ಮಗನೂ ಅದೇ ವ್ಯಾನಿನಲ್ಲಿ ಹೋಗುತ್ತಿದ್ದ. ವ್ಯಾನಿನ ರಿಪೇರಿಯೂ ಅವನದೇ. ಹೇಳಿದ್ದನ್ನೆಲ್ಲ ಕೇಳಿ ಅವನು ಅಲ್ಲೇ ಇದ್ದ ಟಯರಿನ ಮೇಲೆ ಕೂತ.

"ಎಡಗಡೆ ಬಾಗಿಲಿನ ಹತ್ರ ಉಜ್ಜಿದ ಗೆರೆಗಳನ್ನ ನಾನೇ ಬಣ್ಣ ಹಚ್ಚಿ ಮುಚ್ಚಿದ್ದೆ," ಎಂದ. "ದೊಡ್ಡವರು, ಬೇಜಾರು ಮಾಡ್ಕೋತೀರ ಅಂತ ನಿಮಗೆ ಹೇಳಲೇ ಇಲ್ಲ."

ಗೆರೆಗಳಿದ್ದವೆಂಬುದೇ ಮಾವನಿಗೆ ಗೊತ್ತಿರಲಿಲ್ಲ. ಅವರು ಸೊಸೆಯ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದರು. ಯಾವ ಗೋಡೆ, ಯಾವ ಗೇಟು, ಯಾವತ್ತು ಎಂದು ಅವರು ಕೇಳುತ್ತಲೇ ಇದ್ದರು.

ವ್ಯಾನನ್ನು ಈಗ ಗ್ಯಾರೇಜಿನವನ ತಂಗಿ ಓಡಿಸುತ್ತಾಳೆ. ದಾರಿ ತೋರಿಸಲೆಂದು ಮೊದಲ ದಿನ ಮಾವ ಅವಳ ಪಕ್ಕದ ಸೀಟಿನಲ್ಲಿ ಕೂತಿದ್ದರು. ಮಕ್ಕಳೆಲ್ಲ ಹತ್ತಿದ ಮೇಲೆ, ಮೊದಲ ತಿರುವಿನಲ್ಲಿ ವ್ಯಾನು ಎಡಕ್ಕೆ ಹೊರಳಿದಾಗ, ನಿಲ್ಲಿಸಮ್ಮ ಎಂದು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಅವರು ಕತ್ತನ್ನು ಪೂರ್ತಿ ತಿರುಗಿಸಿ ನೋಡಿದರು, ಇಳಿದು ಚಕ್ರದ ಬಳಿ ಬಗ್ಗಿ ನೋಡಿದರು. ಆಮೇಲೆ, ನೀವು ಹೋಗಿ, ಶಾಲೆಗೆ ಹೊತ್ತಾಗುತ್ತೆ ಎಂದು ಮಕ್ಕಳನ್ನು ಕಳಿಸಿ, ಬೀದಿಬದಿಯ ಗೋಡೆಗೆ ಎಡಗೈ ಆನಿಸಿಕೊಂಡು ಮನೆಯ ಕಡೆಗೆ ನಡೆದರು.